ಪರೀಕ್ಷೆಗೆ ತಂದ ಟೀವಿಗಳು

ನಮ್ಮ ಮನೆಯಲ್ಲಿ ನಮ್ಮದೆನ್ನುವ ಟೀವಿ ಇರಲಿಲ್ಲ.
ಊರಿನವರದೆಲ್ಲ ಇತ್ತು.

ಅಪ್ಪ ಐನೋ, ಗಣಿಯ ಸದ್ದಿಗೆ ಒಂದು ಕಿವಿ ಕೊಟ್ಟು ಬಂದು
ಹ್ಯಾಂಕಾಕಿನ ಏರುಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟವ,
ನವೆಂಬರಿನ ನಾಲ್ಕನೇ ಗುರುವಾರ,
ಊರಿಗೆ ಊರೇ ಉಂಡು ಕೃತಜ್ಞತೆ ಹೇಳುವ ಹಬ್ಬ,
ಅದರ ಹಿಂದಿನ ಸಂಜೆ ಬಾಗಿಲೆಳೆದು
ಅರ್ಧ ಗುಣವಾದ ಯಾವುದೋ ಒಂದನ್ನು
ಜಾರುಬಂಡಿಯಲ್ಲಿ ಕೂರಿಸಿ, ಕಂಬಳಿ ಹೊದೆಸಿ,
ಬಾಣಂತಿಯನ್ನು ತಂದಂತೆ ಮೆಲ್ಲಗೆ ತರುತ್ತಿದ್ದ.
"ಪರೀಕ್ಷೆಗೆ" ಎನ್ನುತ್ತಿದ್ದ ಅಮ್ಮನಿಗೆ.
"ನಾಲ್ಕು ತಾಸು ಓಡಿಸಿ ನೋಡದೆ
ಗ್ಯಾರಂಟಿ ಹೇಗೆ ಕೊಡಲಿ?"
ಅಮ್ಮ ಮಾತಿಲ್ಲದೆ ಮೇಜಿನಿಂದ
ಹೊಲಿಗೆ ಯಂತ್ರ ಇಳಿಸುತ್ತಿದ್ದಳು.

ಹಾಗಾಗಿ ನನ್ನ ಹಬ್ಬದ ನೆನಪುಗಳಿಗೆಲ್ಲ
ಒಂದೊಂದು ಕಾಯಿಲೆ.

ಒಂದು ವರ್ಷ ಚಿತ್ರವಿತ್ತು, ದನಿಯಿರಲಿಲ್ಲ.
ಅಣ್ಣ ಅರ್ವೋ ಪರದೆಯ ಪಕ್ಕ ನಿಂತು
ಪತ್ತೇದಾರನಿಗೂ ಕೊಲೆಗಾರನಿಗೂ ಹೆಣಕ್ಕೂ
ತಾನೇ ಮಾತಾದ.
ಕೋಳಿಯ ಕಾಲು ನನಗೆ ಎಂದಿತು ಹೆಣ.

ಇನ್ನೊಂದು ವರ್ಷ ದನಿಯಿತ್ತು, ಚಿತ್ರವಿಲ್ಲ.
ಕಪ್ಪು ಗಾಜಿನೆದುರು ಐವರೂ ಸಾಲಾಗಿ ಕೂತು
ಗಾಜಿನೊಳಗಿನ ನಮ್ಮನ್ನೇ ನೋಡುತ್ತ
ಕುದುರೆಗಳು ಓಡುವುದನ್ನು ಕೇಳಿದೆವು.
ಇಂಗ್ಲಿಷು ಬಾರದ ಅಜ್ಜಿಗೆ ಅದೇ ಬಲು ಇಷ್ಟವಾಯಿತು:
"ಈ ಕಥೆಯಲ್ಲಿ ಎಲ್ಲ ನಮ್ಮವರೇ."

ಬಣ್ಣ ಬಂದ ಮೊದಲ ಸಲ ಎಲ್ಲರೂ ಹಸಿರು.
ಹಸಿರು ಪಾದ್ರಿ, ಹಸಿರು ವಧು,
ಮದುವೆಯೂಟದಲ್ಲಿ ಪಾಚಿ ಕಟ್ಟಿದ ಕೇಕು.

ಉಣ್ಣುವ ಮುಂಚೆ ಒಬ್ಬೊಬ್ಬರೂ
ಒಂದೊಂದಕ್ಕೆ ಋಣ ಹೇಳಬೇಕು.
ಅಮ್ಮ ಬ್ರೆಡ್ಡಿಗೆ ಕುಟ್ಟಿ ಹಾಕಿದ ಏಲಕ್ಕಿಗೆ ಹೇಳುತ್ತಿದ್ದಳು,
ಯಾವ ಕಡಲಾಚೆಯಿಂದ ಬಂತೋ ಅದಕ್ಕೆ, ತಂದವರಿಗೆ.
ನಾನು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು.
ಅಪ್ಪ ಪ್ರತಿ ವರ್ಷವೂ ಒಂದೇ ಮಾತು:
"ಸುಟ್ಟುಹೋದ ವಾಲ್ವಿಗೆ."

ಆಮೇಲೆ ಆ ವರ್ಷ.
ವಾಲ್ನಟ್ ಮರದ ಪೆಟ್ಟಿಗೆಯ ದೊಡ್ಡ ಟೀವಿ,
ನೆತ್ತಿಯ ಬಿಸಿಗೆ ನಮ್ಮ ಕಾಲುಚೀಲಗಳು ಒಣಗುತ್ತಿದ್ದವು.
ನನಗೆ ಪ್ರಾಣವಾಗಿದ್ದ ಧಾರಾವಾಹಿ:
ಒಂದು ದೋಣಿ, ಒಬ್ಬ ಡಾಕ್ಟರು, ವಾರಕ್ಕೊಂದು ದ್ವೀಪ.
ದೋಣಿ ದಡ ಮುಟ್ಟುವ ಹೊತ್ತಿಗೆ
ಬಾಗಿಲು ಬಡಿಯಿತು.
ಹೆಗಲ ಮೇಲೆ ಹಿಮ ಹೊತ್ತು ಮಿಸೆಸ್ ಟ್ರೆವಾರೋ,
ಗಣಿ ಮೇಸ್ತ್ರಿಯ ಹೆಂಡತಿ, ಸೆಪ್ಟೆಂಬರಿನಿಂದ ವಿಧವೆ.
"ಅಂಗಡಿ ಮುಚ್ಚಿತ್ತು" ಎಂದಳು.
ಅಪ್ಪ ಎದ್ದು ನಿಂತ, ಬೀಟ್‌ರೂಟಿನಂತೆ.
ಆಕೆ ಟೀವಿ ನೋಡಿದಳು. ಕಾಲುಚೀಲ ನೋಡಿದಳು.
ಒಂದೊಂದೇ ಬೆರಳಿನಿಂದ ಕೈಗವಸು ಕಳಚಿದಳು.
"ಶುರುವಾಗಿ ಎಷ್ಟು ಹೊತ್ತಾಯಿತು?"

ಅಜ್ಜಿ ಸರಿದು ಜಾಗ ಮಾಡಿದಳು.

ಡಾಕ್ಟರು ಯಾರನ್ನು ಉಳಿಸಿದ, ಮರೆತೆ.
ಏಲಕ್ಕಿ ಬ್ರೆಡ್ಡಿನ ಮೂರನೇ ತುಂಡು ಆಕೆ
ಕೇಳದೆಯೇ ಎತ್ತಿಕೊಂಡದ್ದು ನೆನಪಿದೆ.
ಹೊರಡುವಾಗ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು,
ಜ್ವರ ನೋಡುವವರಂತೆ, ಅಪ್ಪನಿಗೆ ಹೇಳಿದಳು:
"ಇನ್ನೂ ಪೂರ್ತಿ ಸರಿಹೋದಂತಿಲ್ಲ.
ಮುಂದಿನ ಗುರುವಾರ ಬಂದು ನೋಡುತ್ತೇನೆ."

ಅಷ್ಟು ಒಳ್ಳೆಯ ಕೆಲಸಗಾರ ನಮ್ಮಪ್ಪ.
ಆ ಟೀವಿ ಮಾತ್ರ
ಸರೋವರದ ಮಂಜುಗಡ್ಡೆ ಒಡೆಯುವ ಏಪ್ರಿಲಿನವರೆಗೂ
ಸರಿಹೋಗಲಿಲ್ಲ.

ಈಗ ನನ್ನ ಗೋಡೆಯಗಲಕ್ಕೂ ಒಂದಿದೆ.
ಮುಖದ ಬೆವರ ಹನಿಯನ್ನೂ ಎಣಿಸಬಹುದು.
ಕೆಟ್ಟರೆ ರಿಪೇರಿಯಿಲ್ಲ, ಎಸೆಯಬೇಕಂತೆ.
ಈ ಸಲದ ಹಬ್ಬದಂದು ಮೊಮ್ಮಗಳು ಸೆಲ್ಮಾ
ರಿಮೋಟಿನ ಮೇಲೆಯೇ ಕೂತಳೋ ಏನೋ,
ದನಿ ಸತ್ತಿತು. ಎಲ್ಲರೂ ದಿಂಬು ಎತ್ತಿ ಹುಡುಕತೊಡಗಿದರು.
ಸ್ವಲ್ಪ ತಡೆಯಿರಿ, ಎಂದೆ.

ಮೇಜಿನಾಚೆ ಎಂಬತ್ತರ ಅರ್ವೋ
ಕೋಳಿಯ ಕಾಲು ಕೆಳಗಿಟ್ಟು
ಗಂಟಲು ಸರಿಮಾಡಿಕೊಂಡ.